ಅಕ್ಕನ ಮನೆಯ ಗಿಡದ ಟ್ಯಾಂಕ್ ರಿಪೇರಿ: ಬೋರ್‌ವೆಲ್ ನೀರು, ಶಹಾಬಾದ್ ಕಲ್ಲು, ಸಿಒ2 ಸಿಲಿಂಡರ್

ಟ್ಯಾಂಕ್ 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಲೆಕ್ಕಕ್ಕೆ 190 ಲೀಟರ್. ಕಲ್ಲು, ಮರಳು ಕಳೆದರೆ ನೀರು ಸುಮಾರು 150 ಲೀಟರ್ ಅಂತ ಇಟ್ಟುಕೊಳ್ಳಿ. ಬೆಂಗಳೂರಿನ ಹೊರವಲಯದ ಬಡಾವಣೆ. ಕಾವೇರಿ ನೀರು ಇನ್ನೂ ಬಂದಿಲ್ಲ, ಎಲ್ಲದಕ್ಕೂ ಬೋರ್‌ವೆಲ್ಲೇ. ಟ್ಯಾಂಕನ್ನು ಒಂದು ಅಂಗಡಿಯವರು ಕಟ್ಟಿಕೊಟ್ಟಿದ್ದರು. ಒಳಗೆ ಹಾರ್ಲೆಕ್ವಿನ್ ರಾಸ್ಬೋರಾ ಮೀನುಗಳ ಗುಂಪು, ಒಂದಷ್ಟು ಚೆರ್ರಿ ಸೀಗಡಿ. ಗಿಡಗಳಲ್ಲಿ ರೋಟಾಲಾ, ಹೈಗ್ರೋಫಿಲಾ, ಕ್ರಿಪ್ಟೊಕೋರಿನ್, ಅನುಬಿಯಾಸ್, ಹಿಂದಿನ ಸಾಲಿಗೆ ವ್ಯಾಲಿಸ್ನೇರಿಯಾ.

ಅಕ್ಕನ ದೂರು ಇಷ್ಟು. ರೋಟಾಲಾ ಕೆಳಗಿನಿಂದ ಎಲೆ ಉದುರಿಸಿ ಬರೀ ಕಡ್ಡಿಯಾಗಿದೆ. ತುದಿಯ ಚಿಗುರು ಸಣ್ಣದಾಗಿ ಮುರುಟಿಕೊಂಡಿದೆ. ಅನುಬಿಯಾಸ್ ಎಲೆಗಳ ಅಂಚಿಗೆ ಕಪ್ಪು ಕುಂಚದಂಥ ಪಾಚಿ. ಪಿಎಚ್ ಜಾಸ್ತಿ ಇದೆ ಅಂತ ಅಂಗಡಿಯವರು ಪಿಎಚ್ ಇಳಿಸುವ ಬಾಟಲಿ ಕೊಟ್ಟಿದ್ದರು. ಹಾಕಿದ ದಿನ ಇಳಿಯುತ್ತೆ, ಮಾರನೇ ದಿನ ಮತ್ತೆ ಅಲ್ಲೇ. ಮತ್ತೆ ಹಾಕೋದು, ಮತ್ತೆ ಏರೋದು. ಅದರ ಹೊಡೆತ ಪೂರ್ತಿ ಬೀಳುವುದು ಮೀನಿಗೆ.

"ಆ ಬಾಟ್ಲಿ ಪಕ್ಕಕ್ಕಿಡಕ್ಕ, ಮೊದಲು ಅಳೆಯೋಣ" ಅಂದೆ.

ಅಳತೆ

ಹನಿ ಹಾಕಿ ನೋಡುವ ಕಿಟ್ ಒಂದು ಸೆಟ್, ಪಿಎಚ್ ಪೆನ್ ಒಂದು. ಪೆನ್ ಜೊತೆ 6.86 ಮತ್ತು 4.01ರ ಪುಡಿ ಪೊಟ್ಟಣ ಬರುತ್ತೆ. ಅದರಲ್ಲಿ ಕ್ಯಾಲಿಬ್ರೇಟ್ ಮಾಡದೆ ಆ ಪೆನ್ ಹೇಳಿದ್ದನ್ನು ನಂಬಬೇಡಿ.

ನಲ್ಲಿಯಿಂದ ಆಗ ತಾನೇ ಹಿಡಿದ ಬೋರ್‌ವೆಲ್ ನೀರು: ಪಿಎಚ್ 7.4, ಕೆಎಚ್ 14, ಜಿಎಚ್ (ಕ್ಯಾಲ್ಸಿಯಂ, ಮೆಗ್ನೀಸಿಯಂನಿಂದ ಬರುವ ಗಡುಸು) 20. ಅದೇ ನೀರನ್ನು ಲೋಟದಲ್ಲಿ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ನೋಡಿದರೆ ಪಿಎಚ್ 8.2. ಕೆಎಚ್ ಮಾತ್ರ ಅಲ್ಲಾಡಿಲ್ಲ. ನೆಲದಡಿಯ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್, ಅಂದರೆ ಸಿಒ2, ಕರಗಿರುತ್ತೆ. ಮೇಲೆ ಬಂದ ಮೇಲೆ ಅದು ಹಾರಿಹೋಗುತ್ತೆ, ಪಿಎಚ್ ಏರುತ್ತೆ. ಅಕ್ಕನಿಗೆ ಇದನ್ನು ಲೋಟ ಇಟ್ಟುಕೊಂಡೇ ತೋರಿಸಿದೆ, ಯಾಕಂದರೆ ಮುಂದಿನ ಕೆಲಸ ಪೂರ್ತಿ ಇದರ ಮೇಲೆಯೇ ನಿಂತಿದೆ. ಕೆಎಚ್ ಅಂದರೆ ನೀರಿನಲ್ಲಿರುವ ಬೈಕಾರ್ಬೊನೇಟ್. ಅದು ಎಷ್ಟಿದೆ, ಸಿಒ2 ಎಷ್ಟಿದೆ, ಇವೆರಡೂ ಸೇರಿ ಪಿಎಚ್ ಎಲ್ಲಿ ನಿಲ್ಲಬೇಕು ಅನ್ನೋದನ್ನ ತೀರ್ಮಾನಿಸುತ್ತವೆ. ಲೆಕ್ಕ ಹೀಗೆ: ಕೆಎಚ್ ಅನ್ನು 3ರಿಂದ ಗುಣಿಸಿ, 7ರಲ್ಲಿ ಪಿಎಚ್ ಕಳೆದು ಬಂದದ್ದನ್ನು 10ರ ಘಾತವಾಗಿ ಇಟ್ಟು ಅದರಿಂದ ಮತ್ತೆ ಗುಣಿಸಿ. ಬಂದದ್ದು ಸಿಒ2, ಪಿಪಿಎಂ ಲೆಕ್ಕದಲ್ಲಿ, ಅಂದರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಅಂತ. ಕೆಎಚ್ 14, ಪಿಎಚ್ 7.4 ಇದ್ದಾಗ 16–17 ಪಿಪಿಎಂ. ಪಿಎಚ್ 8.2 ಆದಾಗ ಅದೇ ನೀರಿನಲ್ಲಿ ಉಳಿದದ್ದು 3 ಪಿಪಿಎಂಗೂ ಕಡಿಮೆ.

ಟ್ಯಾಂಕ್ ನೀರು: ಪಿಎಚ್ 8.2, ಕೆಎಚ್ 19, ಜಿಎಚ್ 26. ನಲ್ಲಿ ನೀರಿಗಿಂತ ಟ್ಯಾಂಕ್ ನೀರು ಗಡುಸು! ಇದಕ್ಕೆ ಸಾಮಾನ್ಯವಾಗಿ ಎರಡು ಕಾರಣ ಇರುತ್ತೆ. ಒಂದು, ನೀರು ಆವಿಯಾಗಿ ಇಳಿದಾಗಲೆಲ್ಲ ಬೋರ್‌ವೆಲ್ ನೀರನ್ನೇ ತುಂಬಿಸುವುದು. ನೀರು ಹಾರುತ್ತೆ, ಉಪ್ಪು ಉಳಿಯುತ್ತೆ, ವಾರ ವಾರಕ್ಕೂ ಏರುತ್ತಾ ಹೋಗುತ್ತೆ. ಇನ್ನೊಂದು, ಟ್ಯಾಂಕ್ ಒಳಗೇ ಏನೋ ಕರಗುತ್ತಿರುವುದು. ಇಲ್ಲಿ ಎರಡೂ ಇತ್ತು.

ಟಿಡಿಎಸ್ ಮೀಟರ್ ಬಗ್ಗೆ ಒಂದು ಮಾತು. ಆರ್‌ಒ ಸರ್ವಿಸ್‌ನವರು ತೋರಿಸುತ್ತಾರೆ ಅಂತ ಎಲ್ಲರ ಮನೆಯಲ್ಲೂ ಈಗ ಒಂದಿದೆ. ಒಟ್ಟು ಎಷ್ಟು ಕರಗಿದೆ ಅಂತ ಮಾತ್ರ ಅದು ಹೇಳುತ್ತೆ. ಅದರಲ್ಲಿ ಬೈಕಾರ್ಬೊನೇಟ್ ಎಷ್ಟು, ಅಡುಗೆ ಉಪ್ಪಿನ ಅಂಶ ಎಷ್ಟು ಅಂತ ಅದಕ್ಕೆ ಗೊತ್ತಾಗಲ್ಲ. ಗಿಡದ ಟ್ಯಾಂಕ್ ಇಡುವವರು ಕೆಎಚ್ ಕಿಟ್ ತಗೊಳ್ಳಲೇಬೇಕು.

ಕಲ್ಲು

ವ್ಯಾಲಿಸ್ನೇರಿಯಾ ಎಲೆಯೊಂದನ್ನು ಕಿತ್ತು ಬೆರಳಲ್ಲಿ ಸವರಿ ನೋಡಿದೆ. ಮರಳು ಕಾಗದದಷ್ಟು ತರಿತರಿ. ಉಗುರಲ್ಲಿ ಕೆರೆದರೆ ಬಿಳಿ ಪುಡಿ ಉದುರಿತು. ಆ ಪುಡಿಯ ಮೇಲೆ ವಿನೆಗರ್ ಬಿಟ್ಟೆ, ಸಣ್ಣ ಸಣ್ಣ ಗುಳ್ಳೆ ಎದ್ದವು. ಸುಣ್ಣ. ವ್ಯಾಲಿಸ್ನೇರಿಯಾಕ್ಕೆ ಸಿಒ2 ಸಿಗದಿದ್ದರೆ ಬೈಕಾರ್ಬೊನೇಟ್‌ನಿಂದಲೇ ಇಂಗಾಲ ತೆಗೆದುಕೊಳ್ಳುವ ಶಕ್ತಿ ಇದೆ. ಹಾಗೆ ತೆಗೆದುಕೊಳ್ಳುವಾಗ ಎಲೆಯ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟ್ ಕೂರುತ್ತೆ. ರೋಟಾಲಾಕ್ಕೆ ಆ ಶಕ್ತಿ ಇಲ್ಲ. ಅದು ಸುಮ್ನೆ ಉಪವಾಸ ಬೀಳುತ್ತೆ. ಒಂದು ಗಿಡ ಹುಲುಸಾಗಿ ಹಬ್ಬುತ್ತಾ ಪಕ್ಕದ್ದು ಸಾಯುತ್ತಿದ್ದರೆ, ಗೊಬ್ಬರದ ಬಾಟಲಿ ಹುಡುಕುವ ಮುಂಚೆ ಈ ಎಲೆ ಸವರುವ ಪರೀಕ್ಷೆ ಮಾಡಿ ನೋಡಿ.

ಇನ್ನು ಕರಗುತ್ತಿರುವುದು ಯಾವುದು? ಟ್ಯಾಂಕ್‌ನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ್ದ ಬೂದು ಬಣ್ಣದ ಚಪ್ಪಟೆ ಕಲ್ಲು ನೋಡಿದ ತಕ್ಷಣ ಗುರುತು ಸಿಕ್ಕಿತು. ನೆಲಕ್ಕೆ ಹಾಸುತ್ತೇವಲ್ಲ, ಶಹಾಬಾದ್ ಕಲ್ಲು, ಅದರ ತುಂಡುಗಳು. ಕಲಬುರಗಿ ಜಿಲ್ಲೆಯ ಆ ಕಲ್ಲು ಅಪ್ಪಟ ಸುಣ್ಣದ ಕಲ್ಲು. ವಾಡಿ, ಸೇಡಂ, ಮಳಖೇಡದ ಸುತ್ತ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೇ ಅದಕ್ಕಾಗಿ. ಕಪ್ಪಗೆ ಹೊಳೆಯುವ ಕಡಪ ಕಲ್ಲೂ ಅದೇ ಜಾತಿ. ಮನೆಯ ನೆಲಕ್ಕೆ ಚೆಂದವೇ, ಗಿಡದ ಟ್ಯಾಂಕ್‌ಗೆ ಬೇಡ. ತಳಕ್ಕೆ ಹಾಕಿದ್ದ ಬಿಳಿ ಚಿಪ್ಸ್ ಅಮೃತಶಿಲೆಯದು, ಅದೂ ಸುಣ್ಣವೇ.

ಪರೀಕ್ಷೆ ಮಾಡಿಯೇ ತೆಗೆದೆ. ಕೈಗವಸು ಹಾಕಿಕೊಂಡು, ಹೊರಗೆ ಗಾಳಿಯಾಡುವ ಕಡೆ, ಒಣಗಿದ ಕಲ್ಲಿನ ಮೇಲೆ ಬಾತ್‌ರೂಮ್ ತೊಳೆಯುವ ಆಸಿಡ್ ಎರಡು ಹನಿ. ಹುಳಿ ಮಜ್ಜಿಗೆಗೆ ಸೋಡಾ ಬಿದ್ದ ಹಾಗೆ ಬುಸುಬುಸು ನೊರೆ ಬಂತು. ಮನೆ ಕಟ್ಟುವಾಗ ಉಳಿದಿದ್ದ ಚಪ್ಪಡಿ ಕಲ್ಲಿನ ಚೂರಿಗೂ ಹಾಕಿ ನೋಡಿದೆ. ಏನೂ ಆಗಲಿಲ್ಲ. ಬೆಂಗಳೂರು ಸುತ್ತಮುತ್ತ ಸಿಗುವ ಗ್ರಾನೈಟ್, ನೈಸ್ (gneiss) ಕಲ್ಲುಗಳು ನೀರಿಗೆ ಏನನ್ನೂ ಬಿಡುವುದಿಲ್ಲ. ಲಾಲ್‌ಬಾಗ್ ಬಂಡೆ ಇದೆಯಲ್ಲ, ಆ ಜಾತಿ. ಆಸಿಡ್ ಮುಟ್ಟಲು ಇಷ್ಟವಿಲ್ಲದಿದ್ದರೆ ಬಕೆಟ್ ಪರೀಕ್ಷೆ ಇದೆ: ಆರ್‌ಒ ನೀರಲ್ಲಿ ಕಲ್ಲು ಹಾಕಿ ಒಂದು ವಾರ ಬಿಟ್ಟು ಕೆಎಚ್ ನೋಡುವುದು. ನಾನು ಅದನ್ನೂ ಮಾಡಿಟ್ಟೆ. ಶಹಾಬಾದ್ ತುಂಡು ಬಿದ್ದ ಬಕೆಟ್‌ನಲ್ಲಿ ಕೆಎಚ್ ಸೊನ್ನೆಯಿಂದ 2ಕ್ಕೆ ಬಂದಿತ್ತು. ಗ್ರಾನೈಟ್ ಬಕೆಟ್‌ನಲ್ಲಿ ಸೊನ್ನೆಯೇ.

ಇದು ಯಾಕೆ ಮುಖ್ಯ ಅಂದರೆ, ನಾವು ಸಿಒ2 ಬಿಡೋದಕ್ಕೆ ಹೊರಟಿದ್ದೇವೆ. ಸಿಒ2 ನೀರಲ್ಲಿ ಕರಗಿದರೆ ಸ್ವಲ್ಪ ಹುಳಿಯಾಗುತ್ತೆ, ಆ ಹುಳಿ ಸುಣ್ಣದ ಕಲ್ಲನ್ನು ಇನ್ನೂ ಬೇಗ ಕರಗಿಸುತ್ತೆ. ಗ್ಯಾಸ್ ಬಿಟ್ಟಷ್ಟೂ ಕೆಎಚ್ ಏರುತ್ತೆ. ಪಿಎಚ್ ಬಾಟಲಿ ಸೋತದ್ದೂ ಇದಕ್ಕೇ. ಆಸಿಡ್ ಒಂದಷ್ಟು ಬೈಕಾರ್ಬೊನೇಟ್ ತಿಂದಿತು, ಕಲ್ಲು ಅದನ್ನು ಮತ್ತೆ ತುಂಬಿಸಿತು.

ಬಿಚ್ಚಿ ಕಟ್ಟಿದ್ದು

ಭಾವ ಮತ್ತು ನಾನು ಒಂದು ಭಾನುವಾರ ಪೂರ್ತಿ ಕೂತೆವು. ಮೀನು, ಸೀಗಡಿಗಳನ್ನು ಹಳೆ ನೀರು ತುಂಬಿದ ಡ್ರಮ್ಮಿಗೆ ಹಾಕಿ ಏರ್ ಪಂಪ್ ಇಟ್ಟೆವು. ಫಿಲ್ಟರ್ ಒಳಗಿನ ಸ್ಪಂಜು, ಸೆರಾಮಿಕ್ ಉಂಗುರಗಳೂ ಹಳೆ ನೀರಲ್ಲೇ. ಅವು ಒಣಗಿದರೆ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಸತ್ತು ಮೊದಲಿಂದ ಶುರುಮಾಡಬೇಕಾಗುತ್ತೆ. ಚಿಪ್ಸ್ ಎಲ್ಲ ತೆಗೆದು, ಈಜುಕೊಳದ ಫಿಲ್ಟರ್‌ಗೆ ಬಳಸುವ ಸಿಲಿಕಾ ಮರಳನ್ನು ನೀರು ತಿಳಿಯಾಗುವ ತನಕ ತೊಳೆದು ಹಾಕಿದೆವು. ಬೇರಿಗೆ ಅಂತ ಕ್ರಿಪ್ಟೊಕೋರಿನ್ ಬುಡದಲ್ಲಿ ಗೊಬ್ಬರದ ಗುಳಿಗೆ.

ನೀರಿಗೆ ಭಾವನ ಸಲಹೆ: "ಪೂರ್ತಿ ಆರ್‌ಒ ನೀರೇ ತುಂಬಿಸಿಬಿಟ್ರೆ ಆಗಲ್ವಾ?" ಆಗಲ್ಲ. ಆರ್‌ಒ ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಗಿಡಕ್ಕೂ ಬೇಕು, ಸೀಗಡಿ ಚಿಪ್ಪು ಕಟ್ಟೋಕೂ ಬೇಕು. ಒಂದು ಪಾಲು ಬೋರ್‌ವೆಲ್, ಎರಡು ಪಾಲು ಆರ್‌ಒ ಬೆರೆಸಿದರೆ ಕೆಎಚ್ 5ರ ಹತ್ತಿರ, ಜಿಎಚ್ 7ರ ಹತ್ತಿರ ಬರುತ್ತೆ. ನನಗೆ ಇದು ಸಾಕು. ನಿಜ ಹೇಳಬೇಕಂದರೆ ಸಿಒ2 ಸರಿಯಾಗಿ ಸಿಕ್ಕರೆ ಕೆಎಚ್ 10ರಲ್ಲೂ ಬಹಳಷ್ಟು ಗಿಡ ಚೆನ್ನಾಗಿಯೇ ಬೆಳೆಯುತ್ತವೆ. ಒಂದು ಲೀಟರ್ ಆರ್‌ಒ ನೀರಿಗೆ ಎರಡು ಮೂರು ಲೀಟರ್ ಹೊರಕ್ಕೆ ಹೋಗುವ ಊರಿನಲ್ಲಿ ಕೆಎಚ್ 1, 2 ಅಂತ ಹಠ ಹಿಡಿಯುವುದು ನನಗೆ ಒಪ್ಪಿಗೆಯಿಲ್ಲ. ಅಕ್ಕ ಆ ಹೊರಬರುವ ನೀರನ್ನು ಡ್ರಮ್ಮಿನಲ್ಲಿ ಹಿಡಿದು ನೆಲ ಒರೆಸೋಕೆ, ಅಂಗಳ ತೊಳೆಯೋಕೆ ಬಳಸುತ್ತಾರೆ. ಮಳೆಗಾಲದಲ್ಲಿ ತಾರಸಿ ನೀರು ಹಿಡಿದರೆ ಆರ್‌ಒ ಬೇಕೇ ಆಗಲ್ಲ. ಮೊದಲ ಮಳೆ ಬಿಟ್ಟು, ತಾರಸಿ ಚೆನ್ನಾಗಿ ತೊಳೆದುಹೋದ ಮೇಲೆ ಹಿಡಿಯಬೇಕು, ಕೆಎಚ್ ನೋಡಿಯೇ ಬಳಸಬೇಕು.

ತುಂಬಿಸುವಾಗ ಅರ್ಧ ಹಳೆ ನೀರು, ಅರ್ಧ ಹೊಸ ಮಿಶ್ರಣ. ಗಡುಸು ನೀರಿಗೆ ಒಗ್ಗಿದ ಮೀನನ್ನು ಒಮ್ಮೆಗೇ ಮೆದು ನೀರಿಗೆ ಬಿಟ್ಟರೆ ತಡೆಯಲ್ಲ. ಆಮೇಲೆ ದಿನ ಬಿಟ್ಟು ದಿನ ಸ್ವಲ್ಪ ಸ್ವಲ್ಪ ಬದಲಿಸಿ 5ಕ್ಕೆ ತಂದೆವು. ಕೆಎಚ್ ಅಲ್ಲೇ ನಿಂತಿತು, ಏರಲಿಲ್ಲ. ಕಲ್ಲಿನ ಕೆಲಸ ಮುಗಿಯಿತು ಅಂತ ಅದರಿಂದಲೇ ಗೊತ್ತಾಯಿತು. ಇನ್ನು ಮೇಲೆ ಆವಿಯಾದಷ್ಟು ನೀರನ್ನು ಬರೀ ಆರ್‌ಒದಲ್ಲೇ ತುಂಬಿಸುವುದು. ಕಾವೇರಿ ನೀರು ಇರುವವರಿಗೆ ಈ ಬೆರೆಸುವ ತಾಪತ್ರಯ ಕಡಿಮೆ, ಆದರೆ ಕ್ಲೋರಿನ್ ತೆಗೆಯುವ ದ್ರವ ಹಾಕಲೇಬೇಕು.

ಗ್ಯಾಸ್

ಮೀನು ಇರುವ, ಗ್ಯಾಸ್ ಕೊಡದ ಟ್ಯಾಂಕ್‌ನಲ್ಲಿ ಸಿಒ2 ಸುಮಾರು 2–3 ಪಿಪಿಎಂ ಇರುತ್ತೆ. ಗಿಡಕ್ಕೆ 20ರಿಂದ 30 ಇದ್ದರೆ ಚೆನ್ನ. 30 ದಾಟಿ ಮೇಲೆ ಹೋದರೆ ಮೀನಿಗೆ ಉಸಿರುಕಟ್ಟುತ್ತೆ. ನಮ್ಮ ಕೆಲಸ ಇಷ್ಟೇ ಅಗಲದ ದಾರಿಯಲ್ಲಿ.

ಚಿಕ್ಕ ಟ್ಯಾಂಕ್ ಆಗಿದ್ದರೆ ಸಿಟ್ರಿಕ್ ಆಸಿಡ್, ಅಡುಗೆ ಸೋಡಾದ ಎರಡು ಬಾಟಲಿ ಕಿಟ್ ಸಾಕಿತ್ತು. 200 ಗ್ರಾಂ ಅಡುಗೆ ಸೋಡಾ ಪೂರ್ತಿ ಆಸಿಡ್ ಜೊತೆ ಸೇರಿದರೆ 100 ಗ್ರಾಂಗೂ ಸ್ವಲ್ಪ ಜಾಸ್ತಿ ಸಿಒ2 ಬರುತ್ತೆ. ಅದಕ್ಕೆ 150–160 ಗ್ರಾಂ ಸಿಟ್ರಿಕ್ ಆಸಿಡ್ ಬೇಕು, 200 ಹಾಕಿದರೆ ಸೋಡಾ ಪೂರ್ತಿ ಮುಗಿಯುವುದು ಗ್ಯಾರಂಟಿ. ಬಾಟಲಿ ಮಾತ್ರ ತಂಪು ಪಾನೀಯದ್ದೇ ಆಗಬೇಕು. ಸಾದಾ ನೀರಿನ ಬಾಟಲಿ ಆ ಒತ್ತಡ ತಡೆಯಲ್ಲ. ಸಕ್ಕರೆ, ಯೀಸ್ಟ್ ವಿಧಾನ ಇನ್ನೂ ಅಗ್ಗ, ಆದರೆ ಅದನ್ನು ರಾತ್ರಿ ನಿಲ್ಲಿಸಲು ಆಗಲ್ಲ, ಚಳಿಗೆ ನಿಧಾನ ಆಗುತ್ತೆ.

150 ಲೀಟರ್‌ಗೆ ನಾನು ಸಿಲಿಂಡರನ್ನೇ ಆರಿಸಿದೆ. 2 ಕೆಜಿಯದು. ಅದರ ಮೇಲೆ ಎರಡು ಗೇಜ್ ಇರುವ ರೆಗ್ಯುಲೇಟರ್, ಕರೆಂಟಿನಿಂದ ತೆರೆಯುವ ಸೊಲೆನಾಯ್ಡ್ ವಾಲ್ವ್, ಸೂಕ್ಷ್ಮವಾಗಿ ತಿರುಗಿಸುವ ನೀಡಲ್ ವಾಲ್ವ್, ಗುಳ್ಳೆ ಎಣಿಸುವ ಚಿಕ್ಕ ಗಾಜು, ನೀರು ವಾಪಸ್ ಬರದಂತೆ ಚೆಕ್ ವಾಲ್ವ್, ಕೊನೆಗೆ ಗ್ಯಾಸನ್ನು ಸಣ್ಣ ಗುಳ್ಳೆಗಳಾಗಿ ಒಡೆಯುವ ಸೆರಾಮಿಕ್ ಡಿಫ್ಯೂಸರ್. ಪೈಪು ಪಾಲಿಯುರೆಥೇನ್‌ದು. ಏರ್ ಪಂಪಿನ ಮೆತ್ತನೆ ಸಿಲಿಕೋನ್ ಪೈಪಿನ ಗೋಡೆಯ ಮೂಲಕವೇ ಸಿಒ2 ಸೋರಿಹೋಗುತ್ತೆ. ಸಿಲಿಂಡರ್ ಕತ್ತಿನ ಮೇಲೆ ಹೈಡ್ರೋ ಟೆಸ್ಟ್ (ಒತ್ತಡ ತಡೆಯುತ್ತಾ ಅನ್ನುವ ಪರೀಕ್ಷೆ) ಮಾಡಿದ ತಾರೀಖು ಕೆತ್ತಿರುತ್ತಾರೆ, ಅದನ್ನು ನೋಡಿಯೇ ತಗೊಳ್ಳಿ. ರೆಗ್ಯುಲೇಟರ್ ಕೂರಿಸುವ ಮುಂಚೆ ವಾಷರ್ ಇದೆಯಾ ಅಂತ ನೋಡಿ, ಕೂರಿಸಿದ ಮೇಲೆ ಪ್ರತಿ ಜೋಡಣೆಗೂ ಸೋಪಿನ ನೊರೆ ಹಚ್ಚಿ. ನಮ್ಮದರಲ್ಲಿ ನೀಡಲ್ ವಾಲ್ವ್ ಬುಡದಲ್ಲಿ ಒಂದೇ ಒಂದು ಗುಳ್ಳೆ ನಿಧಾನವಾಗಿ ಉಬ್ಬುತ್ತಿತ್ತು. ಬಿಚ್ಚಿ ಟೆಫ್ಲಾನ್ ಟೇಪ್ ಸುತ್ತಿದ ಮೇಲೆ ನಿಂತಿತು. ಸಿಲಿಂಡರ್ ಯಾವಾಗಲೂ ನಿಂತೇ ಇರಬೇಕು. ಮಲಗಿಸಿದರೆ ದ್ರವರೂಪದ ಸಿಒ2 ರೆಗ್ಯುಲೇಟರಿಗೆ ನುಗ್ಗುತ್ತೆ. ಸ್ಟ್ಯಾಂಡಿನ ಕಾಲಿಗೆ ಬೆಲ್ಟ್ ಹಾಕಿ ಕಟ್ಟಿದ್ದೇವೆ.

ಸೊಲೆನಾಯ್ಡ್ ಇದ್ದರೆ ಕರೆಂಟ್ ಹೋದಾಗ ವಾಲ್ವ್ ತಾನಾಗಿ ಮುಚ್ಚಿಕೊಳ್ಳುತ್ತೆ. ಈ ಊರಿಗೆ ಇದು ಬೇಕೇ ಬೇಕು. ಲೈಟ್, ಫಿಲ್ಟರ್ ಎರಡೂ ನಿಂತು ಗ್ಯಾಸ್ ಮಾತ್ರ ಬರುತ್ತಾ ಇದ್ದರೆ ಬೆಳಗಾಗುವುದರೊಳಗೆ ಮೀನು ತೇಲುತ್ತವೆ. ಫಿಲ್ಟರ್ ಇನ್ವರ್ಟರ್ ಲೈನ್‌ನಲ್ಲಿದೆ, ಗ್ಯಾಸ್ ಬೇಕೆಂದೇ ಆ ಲೈನ್‌ನಲ್ಲಿಲ್ಲ.

ಹಸಿರು ಬಣ್ಣದ ಗಾಜು

ಡ್ರಾಪ್ ಚೆಕರ್ ಅನ್ನುವ ಪುಟ್ಟ ಗಾಜಿನ ಬುರುಡೆ ಸಿಗುತ್ತೆ. ಒಳಗಿನ ದ್ರವ ಟ್ಯಾಂಕ್ ನೀರಿಗೆ ತಾಗುವುದಿಲ್ಲ, ನಡುವೆ ಗಾಳಿ. ಸಿಒ2 ಮಾತ್ರ ಆ ಗಾಳಿ ದಾಟಿ ಬಂದು ಬಣ್ಣ ಬದಲಿಸುತ್ತೆ. ನೀಲಿ ಅಂದರೆ ಕಡಿಮೆ, ಹಸಿರು ಅಂದರೆ ಸುಮಾರು 30, ಹಳದಿ ಅಂದರೆ ಅಪಾಯ. ಆದರೆ ಒಳಗೆ ಟ್ಯಾಂಕ್ ನೀರು ಹಾಕಿದರೆ ಪ್ರಯೋಜನ ಇಲ್ಲ, ಸರಿಯಾಗಿ ಕೆಎಚ್ 4 ಇರುವ ನೀರೇ ಬೇಕು. ಅದನ್ನು ಮನೆಯಲ್ಲೇ ಮಾಡಬಹುದು. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಒಂದು ಲೀಟರ್‌ಗೆ 1.2 ಗ್ರಾಂ ಅಡುಗೆ ಸೋಡಾ. ಇದು ಕೆಎಚ್ 40. ಇದರಲ್ಲಿ 100 ಮಿಲಿ ತೆಗೆದು 900 ಮಿಲಿ ಡಿಸ್ಟಿಲ್ಡ್ ನೀರಿಗೆ ಬೆರೆಸಿದರೆ ಕೆಎಚ್ 4. ಚಿನ್ನ ತೂಗುವಂಥ ಪುಟ್ಟ ತಕ್ಕಡಿ ಬೇಕು. ಬಣ್ಣಕ್ಕೆ ಪಿಎಚ್ ಕಿಟ್‌ನ ಬ್ರೋಮೋಥೈಮಾಲ್ ಬ್ಲೂ ಎರಡು ಮೂರು ಹನಿ.

ಬಣ್ಣ ಬದಲಾಗಲು ಒಂದೆರಡು ಗಂಟೆ ಹಿಡಿಯುತ್ತೆ, ಹಾಗಾಗಿ ಪಿಎಚ್ ಪೆನ್ನೂ ಜೊತೆಗಿರಬೇಕು. ಕೆಎಚ್ 5ಕ್ಕೆ ನಮ್ಮ ಗುರಿ ಪಿಎಚ್ 6.7, ಅಂದರೆ 30 ಪಿಪಿಎಂ. ಮೊದಲ ಸಲ ಗ್ಯಾಸ್ ಬಿಟ್ಟಾಗ ರಜಾ ದಿನವೇ ಆರಿಸಿಕೊಂಡೆವು, ಪಕ್ಕದಲ್ಲೇ ಕೂತು ನೋಡಬೇಕಲ್ಲ. ಶುರುವಿಗೆ ಸೆಕೆಂಡಿಗೆ ಒಂದು ಗುಳ್ಳೆ. ಪಿಎಚ್ 7.7ರಿಂದ ಮೆಲ್ಲಗೆ ಇಳಿದು 7.1ಕ್ಕೆ ಬಂದು ನಿಂತಿತು. ಲೆಕ್ಕಕ್ಕೆ 12 ಪಿಪಿಎಂ, ಸಾಲದು. ವಾಲ್ವ್ ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಒಂದು ಗಂಟೆ ಕಾದು, ಮತ್ತೆ ನೋಡುವುದು. 6.8ಕ್ಕೆ ಬಂದಾಗ ಬಲಗಡೆಯ ಚೆಕರ್ ಹಸಿರಾಗಿತ್ತು. ಆದರೆ ಎಡ ಮೂಲೆಗೆ ಇಟ್ಟಿದ್ದ ಎರಡನೇ ಚೆಕರ್ ಇನ್ನೂ ನೀಲಿ! ಕಪ್ಪು ಪಾಚಿ ಜಾಸ್ತಿ ಇದ್ದದ್ದೂ ಆ ಮೂಲೆಯಲ್ಲೇ.

ಅಲ್ಲಿಗೆ ಗ್ಯಾಸ್ ತಲುಪುತ್ತಿರಲಿಲ್ಲ. ಫಿಲ್ಟರ್ ಪೈಪ್ ಬಿಚ್ಚಿ ಬ್ರಷ್ ತೂರಿಸಿದರೆ ಒಳಗಿನಿಂದ ಕಂದು ಲೋಳೆ ಉಂಡೆ ಉಂಡೆಯಾಗಿ ಬಂತು. ತೊಳೆದು ಜೋಡಿಸಿದ ಮೇಲೆ ನೀರಿನ ರಭಸ ಎಷ್ಟು ಹೆಚ್ಚಿತೆಂದರೆ ಹಿಂದಿನ ವ್ಯಾಲಿಸ್ನೇರಿಯಾ ಸಾಲೆಲ್ಲ ಒಂದೇ ಕಡೆ ವಾಲಿತು. ಡಿಫ್ಯೂಸರನ್ನು ನೀರು ಬೀಳುವ ಪೈಪಿನ ಕೆಳಗೆ ತಂದೆವು, ಗುಳ್ಳೆಗಳನ್ನು ಪ್ರವಾಹ ಹೊತ್ತೊಯ್ಯುವ ಹಾಗೆ. ಎರಡೂ ಚೆಕರ್ ಹಸಿರಾದವು, ಗ್ಯಾಸ್ ಒಂದಿಷ್ಟೂ ಹೆಚ್ಚಿಸದೆ. ನನ್ನ ಅನುಭವದಲ್ಲಿ ಸಿಒ2 ಸಾಲುತ್ತಿಲ್ಲ ಅನ್ನುವ ಎಷ್ಟೋ ಟ್ಯಾಂಕ್‌ಗಳಿಗೆ ಬೇಕಾಗಿರೋದು ನೀರಿನ ಓಟ.

ಮೀಟರ್‌ಗಿಂತ ಮೊದಲು ಮೀನನ್ನು ನೋಡಬೇಕು. ರಾಸ್ಬೋರಾಗಳು ನಡು ನೀರಲ್ಲಿ ಈಜುತ್ತಾ, ಊಟ ಹಾಕಿದರೆ ಓಡಿಬರುತ್ತಿದ್ದರೆ ಸರಿ. ಎಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ, ಪೆನ್ ಏನೇ ಹೇಳಲಿ, ಗ್ಯಾಸ್ ನಿಲ್ಲಿಸಿ ಏರ್ ಪಂಪ್ ಹಾಕಿ. ನೀರಿನ ಮೇಲ್ಮೈ ಸಣ್ಣಗೆ ಅಲೆಯಾಡುತ್ತಲೇ ಇರಲಿ. ಒಂದಿಷ್ಟು ಸಿಒ2 ಹಾರಿಹೋದರೂ ಚಿಂತೆಯಿಲ್ಲ, ಆಮ್ಲಜನಕ ಒಳಗೆ ಬರುತ್ತೆ.

ಟೈಮರ್ ಹೀಗಿದೆ: ಗ್ಯಾಸ್ ಮಧ್ಯಾಹ್ನ ಎರಡೂವರೆಗೆ ಶುರು, ಲೈಟ್ ನಾಲ್ಕಕ್ಕೆ, ಗ್ಯಾಸ್ ರಾತ್ರಿ ಒಂಬತ್ತಕ್ಕೆ ಬಂದ್, ಲೈಟ್ ಹತ್ತಕ್ಕೆ. ಲೈಟ್ ಹತ್ತುವ ಹೊತ್ತಿಗೆ ಚೆಕರ್ ಹಸಿರಾಗಿರಬೇಕು. ದಿನಕ್ಕೊಂದು ಥರ ಏರಿಳಿಯುವ ಸಿಒ2 ಆ ಕಪ್ಪು ಪಾಚಿಗೆ ಹಬ್ಬ. ಇದ್ದ ಪಾಚಿಗೆ, ಫಿಲ್ಟರ್ ನಿಲ್ಲಿಸಿ, ಸಿರಿಂಜಿನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ನೇರವಾಗಿ ಬಿಟ್ಟೆ. ಮೆಡಿಕಲ್ ಅಂಗಡಿಯಲ್ಲಿ ಸಿಗುವ 20 ವಾಲ್ಯೂಮ್ ಅಂದರೆ 6 ಪರ್ಸೆಂಟ್. ಸಮ ನೀರು ಬೆರೆಸಿ 3 ಪರ್ಸೆಂಟ್ ಮಾಡಿಕೊಂಡೇ ಬಳಸಬೇಕು. ಇಡೀ ಟ್ಯಾಂಕ್‌ಗೆ ಒಂದು ಸಲಕ್ಕೆ 30 ಮಿಲಿ ದಾಟಿಸಲಿಲ್ಲ. ಕಪ್ಪು ಕುಂಚ ಕೆಲವೇ ದಿನಗಳಲ್ಲಿ ಕೆಂಪಗಾಗಿ, ಬೆಳ್ಳಗಾಗಿ, ಸೀಗಡಿಗಳ ಹೊಟ್ಟೆ ಸೇರಿತು.

ಗೊಬ್ಬರ, ಮತ್ತೆ ಈಗಿನ ಸ್ಥಿತಿ

ಗ್ಯಾಸ್ ಸಿಕ್ಕ ಗಿಡಕ್ಕೆ ಹಸಿವೂ ಜಾಸ್ತಿ. ಕೃಷಿ ಅಂಗಡಿಯ 13-0-45 ಅಂದರೆ ಪೊಟ್ಯಾಸಿಯಂ ನೈಟ್ರೇಟ್, 0-52-34 ಅಂದರೆ ಮೊನೊ ಪೊಟ್ಯಾಸಿಯಂ ಫಾಸ್ಫೇಟ್. ವಾರಕ್ಕೆ ಮೂರು ಸಲ ಮೊದಲನೆಯದು ಒಂದೂವರೆ ಗ್ರಾಂ, ಎರಡನೆಯದು ಕಾಲು ಗ್ರಾಂ. ನಮ್ಮ 150 ಲೀಟರ್‌ಗೆ ಪ್ರತಿ ಸಲ ನೈಟ್ರೇಟ್ ಸುಮಾರು 6 ಪಿಪಿಎಂ, ಫಾಸ್ಫೇಟ್ 1 ಪಿಪಿಎಂ ಸೇರುತ್ತೆ. ಬೋರ್‌ವೆಲ್ ನೀರಲ್ಲೇ ನೈಟ್ರೇಟ್ ಜಾಸ್ತಿ ಇರುವ ಕಡೆ ಅಳೆದು ಕಡಿಮೆ ಮಾಡಿ. ಬೆಳೆಗೆ ಸಿಂಪಡಿಸುವ ಸೂಕ್ಷ್ಮ ಪೋಷಕಾಂಶದ ಪುಡಿಗಳಲ್ಲಿ ತಾಮ್ರ ಇರುತ್ತೆ, ಅದು ಸೀಗಡಿಗೆ ವಿಷ. ಹಾಗಾಗಿ ಕಬ್ಬಿಣವನ್ನು ಮಾತ್ರ ಬೇರೆಯಾಗಿ, ನೀರಲ್ಲಿ ಕರಗಿಯೇ ಉಳಿಯುವ ಡಿಟಿಪಿಎ ಚೀಲೇಟ್ ರೂಪದ್ದು ತಂದೆವು. ವಾರಕ್ಕೊಮ್ಮೆ ಅರ್ಧ ನೀರು ಬದಲಾವಣೆ.

ರೋಟಾಲಾದ ಹೊಸ ಚಿಗುರು ಈಗ ಅಗಲವಾಗಿ, ತುದಿಯಲ್ಲಿ ನಸುಗೆಂಪಾಗಿ ಬರುತ್ತಿದೆ. ಸಂಜೆ ಏಳರ ಮೇಲೆ ಎಲೆಗಳ ಅಂಚಿನಿಂದ ಆಮ್ಲಜನಕದ ಗುಳ್ಳೆ ದಾರದ ಹಾಗೆ ಏರುತ್ತವೆ. ಹಳೆಯ ಬೋಳು ಕಡ್ಡಿಗೆ ಮತ್ತೆ ಎಲೆ ಬರಲ್ಲ, ತುದಿ ಕತ್ತರಿಸಿ ಮರಳಿಗೆ ನೆಟ್ಟೆವು. ವ್ಯಾಲಿಸ್ನೇರಿಯಾದ ಹೊಸ ಎಲೆ ನುಣುಪಾಗಿದೆ, ಸುಣ್ಣ ಇಲ್ಲ. ಮುಂದಿನ ಮಳೆಗಾಲಕ್ಕೆ ರೋಟಾಲಾ ಮ್ಯಾಕ್ರಾಂಡ್ರಾ ಹಾಕುವ ಆಸೆ ಅಕ್ಕನಿಗೆ. ದಕ್ಷಿಣ ಭಾರತದ್ದೇ ಗಿಡ, ಕಡುಗೆಂಪು, ಮೆದು ನೀರು ಬೇಡುತ್ತೆ. ಅದಕ್ಕೆ ಮಳೆ ನೀರಿನಲ್ಲಿ ಕೆಎಚ್ 3ಕ್ಕೆ ಇಳಿಸಿ ನೋಡುತ್ತೇವೆ. ಆಗ ಪಿಎಚ್ ಗುರಿಯೂ ಬದಲಾಗುತ್ತೆ, 30 ಪಿಪಿಎಂಗೆ ಸುಮಾರು 6.5.

ಸಿಲಿಂಡರ್ ಗೇಜ್ ನೋಡಿ "ಇನ್ನೂ 60 ಇದೆ" ಅಂತ ಭಾವ ಫೋನ್ ಮಾಡುತ್ತಾರೆ. ಒಳಗೆ ದ್ರವ ಇರುವ ತನಕ ಗೇಜ್ ತೋರಿಸುವ ಒತ್ತಡ ಹೆಚ್ಚುಕಡಿಮೆ ಅಲ್ಲೇ ನಿಂತಿರುತ್ತೆ, ಮುಗಿಯುವ ಹೊತ್ತಿಗೆ ಒಮ್ಮೆಗೇ ಬೀಳುತ್ತೆ. ಅಗ್ಗದ ರೆಗ್ಯುಲೇಟರ್‌ಗಳಲ್ಲಿ ಆಗ ಗ್ಯಾಸ್ ಜಾಸ್ತಿ ನುಗ್ಗುವುದೂ ಉಂಟು. ಆದ್ದರಿಂದ ತಿಂಗಳಿಗೊಮ್ಮೆ ಸಿಲಿಂಡರನ್ನು ಬಿಚ್ಚಿ ತೂಕದ ಮೇಲೆ ಇಡಬೇಕು. ಖಾಲಿ ತೂಕ ಅದರ ಮೈಮೇಲೆಯೇ ಕೆತ್ತಿದೆ. ಕಳೆದು 200 ಗ್ರಾಂ ಮಾತ್ರ ಉಳಿದಿದೆ ಅಂತಾದರೆ ರೀಫಿಲ್‌ಗೆ ಕೊಡುವುದು.